ಎರಡಿಂಚಿನ ಮುಖ

ಮಾರ್ಚ್ 3

ಬೆಳಿಗ್ಗೆ ದೊಡ್ಡಕ್ಕನ ಫೋನು ಬಂತು. ಮುಂದೆ ಮರೆವು ಹಿಡಿದ ಮೇಲೆ ನಾನೇ ಇದನ್ನು ಓದಿ ‘ಯಾರಪ್ಪಾ ಈ ದೊಡ್ಡಕ್ಕ’ ಎನ್ನಬಾರದಲ್ಲ, ಅದಕ್ಕೆ ಬರೆದಿಡುತ್ತೇನೆ. ದೊಡ್ಡಕ್ಕ ನನ್ನ ಹೆಂಡತಿಯ ಅಕ್ಕ. ತಾಯಿ ಹೋದ ಮೇಲೆ ಇವಳಿಗೆ ಉಣಿಸಿ, ತಲೆ ಬಾಚಿ, ಬೈದು ಬೆಳೆಸಿದವರು. ನಾವು ದುಡಿಯಲು ಈ ದೇಶಕ್ಕೆ ಬಂದ ಹಾಗೆ ಅವರು ಇನ್ನೊಂದು ದೇಶಕ್ಕೆ ಹೋಗಿ ಅಲ್ಲಿನ ಒಂದು ವೃದ್ಧಾಶ್ರಮದ ಅಡುಗೆಮನೆ ಸೇರಿದ್ದಾರೆ. ಗಂಡನಿಲ್ಲ, ಮಕ್ಕಳಿಲ್ಲ, ಮಾತಿದೆ. ಫೋನು ಎತ್ತಿದರೆ ನಮ್ಮ ಕಿವಿ ಬಿಸಿಯಾಗುವ ತನಕ ಬಿಡುವವರಲ್ಲ.

ಇವತ್ತು ಬೇಗ ಬಿಟ್ಟರು. ಗಂಟಲಲ್ಲಿ ಗಂಟು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಂತೆ. ಏಪ್ರಿಲ್ ಎರಡಕ್ಕೆ ಆಪರೇಷನ್. ಜೀವಕ್ಕೆ ಅಪಾಯವಿಲ್ಲ, ಆದರೆ ಅದಾದ ಮೇಲೆ ಮಾತಿಲ್ಲ.

“ಅಷ್ಟರೊಳಗೆ ಒಂದ್ಸಲ ಬಂದ್ಹೋಗೇ. ನನ್ ಬಾಯಿ ಬಂದ್ ಆದ್ಮೇಲೆ ಬಂದ್ರೆ ನಿಂಗೇನು ಮಜಾ ಇರುತ್ತೆ?” ಎಂದರಂತೆ.

ಇವಳು ಫೋನು ಕೆಳಗಿಟ್ಟು ಒಲೆಯ ಮುಂದೆ ಹೋಗಿ ನಿಂತಳು. ಒಲೆ ಹಚ್ಚಿರಲಿಲ್ಲ.

“ರೀ, ನಾನು ಹೋಗ್ಬೇಕು.”

ಮದುವೆಯಾದಾಗಿನಿಂದ ಇವಳು ಹೀಗೆ ಕಡ್ಡಿ ಮುರಿದಂತೆ ‘ಬೇಕು’ ಎಂದದ್ದು ನನಗೆ ನೆನಪಿಲ್ಲ. ನನಗೆ ರಜೆ ಸಿಗುವುದಿಲ್ಲ, ಇವಳೊಬ್ಬಳೇ ಹೋಗುವುದು ಎಂದಾಯಿತು. ಆ ದೇಶದ ರಾಯಭಾರ ಕಚೇರಿ ಈ ಊರಲ್ಲೇ ಇದೆ. ಅಲ್ಲಿ ಪ್ರವಾಸಿ ವೀಸಾಕ್ಕೆ ಅರ್ಜಿ ಹಾಕಬೇಕು. ಆಸ್ಪತ್ರೆಯ ಬೆಂಚಿಗೆ ಪ್ರವಾಸ.

ಅರ್ಜಿ ನಮ್ಮದು, ಮರ್ಜಿ ಅವರದು. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದವನ ಕೈಯಲ್ಲಿ ಕೊನೆಗೆ ಉಳಿಯುವುದು ಪ್ರಾಸ ಒಂದೇ.

ಮಾರ್ಚ್ 4

ಬೇಕಾದ ಕಾಗದಗಳೆಲ್ಲ ಬೇರೆಯವರ ಕೈಯಲ್ಲಿವೆ. ರಜೆಯ ಪತ್ರವನ್ನು ಇವಳು ಇಸ್ತ್ರಿ ಮಾಡುವ ಹೋಟೆಲಿನ ಲಾಂಡ್ರಿಯವರು ಕೊಡಬೇಕು. ಆಸ್ಪತ್ರೆಯ ಪತ್ರವನ್ನು ದೊಡ್ಡಕ್ಕ ಕಳಿಸಬೇಕು. ಫೋಟೋ ಒಂದು ಮಾತ್ರ ನಮ್ಮ ಕೈಯಲ್ಲಿದೆ, ಅದೇ ನನ್ನ ಕಸುಬು. ಬಸ್ ನಿಲ್ದಾಣದ ಕೆಳಗಿನ ಅಂಗಡಿ ಸಾಲಿನಲ್ಲಿ, ಬೀಗದ ಕೈ ಮಾಡಿಕೊಡುವವನ ಪಕ್ಕ, ನಾನು ಕೆಲಸ ಮಾಡುವ ಸ್ಟುಡಿಯೋ. ಮೊದಲು ಊರಲ್ಲಿ ಮದುವೆ ಫೋಟೋ ತೆಗೆದು, ಆಲ್ಬಮ್ಮಿನ ಪ್ರತಿ ಪುಟದಡಿ ಎರಡು ಸಾಲು ಪದ್ಯ ಬರೆದುಕೊಡುತ್ತಿದ್ದೆ. ಇಲ್ಲಿ ಪದ್ಯ ಯಾರಿಗೂ ಬೇಡ. ದಿನವಿಡೀ ಪಾಸ್‌ಪೋರ್ಟ್ ಫೋಟೋ. ಈ ಊರಿನ ಅರ್ಧ ಜನ ನನ್ನ ಕೈಯಲ್ಲಿ ಎರಡಿಂಚಾಗಿ ಹೋಗಿದ್ದಾರೆ.

ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿಗೆ ಇವಳು ಬಂದಳು. ಸ್ಟೂಲಿನ ಮೇಲೆ ಕೂರಿಸಿ, ಹಿಂದೆ ಬಿಳಿ ಪರದೆ ಎಳೆದು, ಗಲ್ಲ ಇಷ್ಟೇ ಇಷ್ಟು ಎತ್ತಿಸಿ ತೆಗೆದೆ. ಆಮೇಲೆ ಕಂಪ್ಯೂಟರಿನಲ್ಲಿ ಎಂದಿನ ಟಚಪ್. ಹಾರಿದ ಕೂದಲು, ಕಣ್ಣಿನ ಕೆಳಗಿನ ಕಪ್ಪು, ಬಾಯಿಯ ಪಕ್ಕ ಇರುವುದು. ಅದಕ್ಕೆ ಈಗೀಗ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಒಂದು ಕೆನ್ನೆಯಿಂದ ಬಣ್ಣ ಎತ್ತಿ ಇನ್ನೊಂದಕ್ಕೆ ಹಚ್ಚುವುದು, ಅಂಚು ಮೆದು ಮಾಡುವುದು. ದೊಡ್ಡಕ್ಕನಿಗೆ ಆಗಾಗ ಕಳಿಸುವ ಫೋಟೋಗಳಿಗೂ ಇದೇ ಉಪಚಾರ.

ಮಾಲೀಕ ಹಿಂದಿನಿಂದ ಬಗ್ಗಿ ನೋಡಿ, “ಹೆಂಡತಿಗೆ ಹತ್ತು ವರ್ಷ ಇಳಿಸಿದ್ದೀಯಲ್ಲೋ. ನನಗೂ ಒಂದು ಹಾಗೇ ತೆಗಿ, ಮನೆಯಲ್ಲಿ ಜಗಳ ಹಚ್ಚೋಣ,” ಎಂದ.

ಇವಳಿಗೆ ಪ್ರಿಂಟು ಕೊಟ್ಟೆ. “ಚೆನ್ನಾಗ್ ಬಂದಿದೆ,” ಎಂದು ಕವರಿಗೆ ಹಾಕಿಕೊಂಡಳು. ಮುಖ ಕೆಳಗೆ ಮಾಡಿ.

ಮಾರ್ಚ್ 10

ಎದ್ದದ್ದು ಬೇಗ, ನಿಂತದ್ದು ಬಹಳ. ರಾಯಭಾರ ಕಚೇರಿಯ ಗೇಟಿನಲ್ಲಿ ಅರ್ಜಿದಾರರನ್ನು ಬಿಟ್ಟು ಉಳಿದವರನ್ನು ಒಳಗೆ ಬಿಡುವುದಿಲ್ಲ. ಗಂಡ ಎಂದರೆ ಉಳಿದವರು. ಎದುರಿನ ಫುಟ್‌ಪಾತಿನ ಮೇಲೆ ನಮ್ಮಂಥ ಉಳಿದವರದೇ ಇನ್ನೊಂದು ಸಾಲು. ಒಬ್ಬ ಗೋಡೆಗೆ ಒರಗಿದ್ದಕ್ಕೆ ಕಾವಲುಗಾರ ರಸ್ತೆ ದಾಟಿ ಬಂದು ಬೈದು ಹೋದ. ಅದು ಅವರ ಗೋಡೆ ಕೂಡ ಅಲ್ಲ.

ಗಾಜಿನಾಚೆ ಅಧಿಕಾರಿ, ಗೇಟಿನೀಚೆ ನಾವು ಭಿಕಾರಿ.

ಹನ್ನೊಂದೂವರೆಗೆ ಇವಳು ಹೊರಗೆ ಬಂದಳು. ಅದೇ ಕವರು ಕೈಯಲ್ಲೇ ಇದೆ.

“ಏನಾಯ್ತು?”

“ಫೋಟೋ ಸರಿ ಇಲ್ವಂತೆ. ಬೇರೆ ತಗೊಂಡು ಗುರುವಾರ ಬಾ ಅಂದ್ರು.”

“ಸರಿ ಇಲ್ಲ ಅಂದ್ರೆ? ಸೈಜಾ? ಹಿಂದಿನ ಬಿಳುಪಾ?”

“ಸರಿ ಇಲ್ಲ ಅಂದ್ರು, ಅಷ್ಟೇ.”

“ಕೇಳ್ಬೇಕು ತಾನೇ ಏನು ಸರಿ ಇಲ್ಲ ಅಂತ?”

ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತಳು. ನನಗೆ ಮೈಯೆಲ್ಲ ಉರಿ. ನನ್ನ ಫೋಟೋವನ್ನು ಇಷ್ಟು ವರ್ಷದಲ್ಲಿ ಯಾವ ಕಚೇರಿಯೂ ತಿರುಗಿ ಕಳಿಸಿಲ್ಲ. ಬೇಕಾದರೆ ಅಳತೆಪಟ್ಟಿ ತಂದು ಹಿಡಿಯಲಿ.

ಮಾರ್ಚ್ 11

ಮತ್ತೆ ತೆಗೆದೆ. ಪರದೆಗೆ ಇಸ್ತ್ರಿ ಹಾಕಿಸಿದೆ (ಮನೆಯಲ್ಲೇ ಪರಿಣತರಿದ್ದಾರೆ). ಕಿವಿ ಎರಡೂ ಕಾಣುವ ಹಾಗೆ ಕೂದಲು ಹಿಂದಕ್ಕೆ. ನೆರಳಿನ ಸುಳಿವಿಲ್ಲ. ಟಚಪ್ ಈ ಸಲ ಇನ್ನೂ ನಾಜೂಕು. ಭೂತಗನ್ನಡಿ ಹಿಡಿದರೂ ಬ್ರಷ್ ಆಡಿದ್ದು ಕಾಣದು.

ತೆಗೆಯುವಾಗ ಇವಳು ಏನೋ ಹೇಳಲು ಬಾಯಿ ತೆರೆದಳು. “ಬಾಯಿ ಮುಚ್ಚು, ಅಲುಗಾಡುತ್ತೆ,” ಎಂದೆ. ಮುಚ್ಚಿದಳು.

ಮಾರ್ಚ್ 13

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ನಿದ್ದೆ ಬರುವ ಹಾಗೂ ಇಲ್ಲ.

ಇವಳು ಈ ಸಲ ಹೊರಬಂದಾಗ ಕವರಿನ ಜೊತೆ ಇನ್ನೊಂದು ಕಾಗದವಿತ್ತು. ಅರ್ಜಿದಾರರ ಗುರುತು ಅನುಮಾನಾಸ್ಪದ. ಫೋಟೋ ತಿದ್ದಲಾಗಿದೆ. ಸೋಮವಾರ ಲಿಖಿತ ವಿವರಣೆಯೊಂದಿಗೆ, ಫೋಟೋ ತೆಗೆದವರನ್ನೂ ಕರೆದುಕೊಂಡು ಬರತಕ್ಕದ್ದು.

ಫುಟ್‌ಪಾತಿನ ಮೇಲೆ ನಿಂತೇ ಎರಡು ಸಲ ಓದಿದೆ.

“ಒಳಗೇನು ಕೇಳಿದ್ರು?”

“ಪಾಸ್‌ಪೋರ್ಟು ಹಿಡ್ಕೊಂಡ್ರು, ಫೋಟೋ ಪಕ್ಕಕ್ಕಿಟ್ರು, ನನ್ ಮುಖ ನೋಡಿದ್ರು. ಇದು ಯಾರು ಅಂದ್ರು. ನಾನೇ ಅಂದೆ. ಮತ್ತೆ ನೋಡಿದ್ರು. ಇದು ನಿಮ್ಮ ಅಕ್ಕತಂಗೀರ ಪಾಸ್‌ಪೋರ್ಟಾ ಅಂದ್ರು.”

ನನಗೆ ಆಗ ತಲೆಗೆ ಹೋಯಿತು. ಪಾಸ್‌ಪೋರ್ಟು ಮಾಡಿಸಿದಾಗ ಅದು ಇರಲಿಲ್ಲ. ಮರುವರ್ಷ ತುಟಿಯ ಅಂಚಿನಲ್ಲಿ ಸಾಸಿವೆಯಷ್ಟು ಬಂತು, ಆಮೇಲೆ ಹರಡಿತು. ಪಾಸ್‌ಪೋರ್ಟಿನಲ್ಲೂ ಇಲ್ಲ, ನನ್ನ ಫೋಟೋದಲ್ಲೂ ಇಲ್ಲ. ಇರುವುದು ಮುಖದಲ್ಲಿ ಮಾತ್ರ.

“ಮೊದಲನೇ ಸಲಾನೇ ಇದನ್ನ ಹೇಳಿದ್ರಾ?”

“ಹೂಂ.”

“ಮತ್ತೆ ನನಗ್ಯಾಕೆ ಹೇಳ್ಲಿಲ್ಲ? ಎರಡನೇ ಸಲಾನೂ ಸುಮ್ನೆ ಕೂತೆಯಲ್ಲ?”

“ಏನಂತ ಹೇಳ್ಲಿ? ನಮ್ಮನೇಲಿ ಅದಕ್ಕೆ ಹೆಸರೇ ಇಲ್ವಲ್ಲ.”

ಬಸ್ಸು ಬಂತು. ಹತ್ತಲಿಲ್ಲ. ನಡೆದೇ ಹೋದೆವು, ಇವಳು ಮುಂದೆ, ನಾನು ಹಿಂದೆ.

ಮಾರ್ಚ್ 15

ವಿವರಣೆ ಬರೆಯಲು ಕೂತಿದ್ದೇನೆ. ಮೊದಲು ಕನ್ನಡದಲ್ಲಿ ಬರೆದುಕೊಂಡು ಆಮೇಲೆ ಅವರ ಭಾಷೆಗೆ ತಿರುಗಿಸುವುದು ನನ್ನ ಪದ್ಧತಿ. ‘ಮಾನ್ಯರೇ’ ಆಯಿತು. ‘ನನ್ನ ಪತ್ನಿಯ ಮುಖದ ಮೇಲೆ’ ಎಂಬಲ್ಲಿಗೆ ಗಾಡಿ ನಿಂತಿತು. ‘ಸಣ್ಣ ವ್ಯತ್ಯಾಸ’ ಎಂದು ಬರೆದೆ. ಹೊಡೆದು ಹಾಕಿದೆ. ‘ಚರ್ಮದ ವರ್ಣಭೇದ’ ಎಂದೆ. ಹೋರಾಟದ ಭಾಷಣವಾಯಿತು.

ಇವಳು ಬಟ್ಟೆ ಮಡಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: “ತೊನ್ನು ಅಂತ ಬರೀರಿ. ಬರೆದ್ರೆ ಪೆನ್ನೇನು ಸುಡಲ್ಲ.”

ಬರೆದೆ. ಸುಡಲಿಲ್ಲ. ಆದರೆ ಕಾಗದದ ಮೇಲೆ ಅದೊಂದೇ ಪದ ದಪ್ಪಗೆ ಕಂಡಿತು.

ಆಮೇಲೆ ಇವಳು ತಾನಾಗಿ ಇನ್ನೊಂದು ವಿಷಯ ತೆಗೆದಳು. ವರ್ಷಗಳ ಹಿಂದೆ ಇವಳೂ ದೊಡ್ಡಕ್ಕನೂ ತಮ್ಮ ಚಿಕ್ಕಮ್ಮನ ಮಗನಿಗೆ ಹೆಣ್ಣು ನೋಡಲು ಹೋಗಿದ್ದರು. ಹುಡುಗಿಯ ಮೊಣಕೈ ಮೇಲೆ ಬಿಳಿ ಮಚ್ಚೆ. ಎಲ್ಲರೂ ಒಪ್ಪಿಕೊಂಡು ಮುಂದಿನ ಮಾತಿಗೆ ಕೂತಾಗ ದೊಡ್ಡಕ್ಕ ಎದ್ದು ನಿಂತು, ‘ಇದು ನಮ್ಮನೆಗೆ ಬೇಡ’ ಎಂದುಬಿಟ್ಟರಂತೆ. ಆ ಹುಡುಗಿ ಬಾಗಿಲ ಹತ್ತಿರವೇ ನಿಂತಿದ್ದಳಂತೆ, ತಟ್ಟೆ ಹಿಡಿದುಕೊಂಡು.

“ದೊಡ್ಡಕ್ಕ ಮಾತು ಆಡಿದ್ರೆ ಎರಡು ತುಂಡು. ಅದಕ್ಕೇ ಅವಳ ಹತ್ರ ಫೋನಿನ ಕ್ಯಾಮೆರಾ ಕೆಟ್ಟಿದೆ ಅಂತ ಹೇಳ್ಕೊಂಡು ಬಂದೆ. ನಿಮ್ ಫೋಟೋನೂ ಇತ್ತಲ್ಲ, ಅನುಕೂಲ ಆಯ್ತು.”

“ಹಾಗಾದ್ರೆ ಈಗ ಹೋಗೋದು...”

“ಹೋಗ್ತೀನಿ. ಅವಳು ಏನನ್ನೋದಿದ್ರೂ ಅವಳ ಬಾಯಲ್ಲೇ ಅನ್ಲಿ. ಇನ್ನು ಹದಿನೈದು ದಿನ ಕಳೆದ್ರೆ ಅನ್ನೋದಕ್ಕೂ ಆಗಲ್ಲ.”

ಮಾರ್ಚ್ 17

ಈ ಸಲ ನನ್ನನ್ನೂ ಒಳಗೆ ಬಿಟ್ಟರು. ಆರೋಪಿಯಾದರೆ ಪ್ರವೇಶ ಸುಲಭ.

ದೊಡ್ಡ ಹಾಲು. ಕುರ್ಚಿಗಳನ್ನು ಒಂದಕ್ಕೊಂದು ಬೆಸೆದು ನೆಲಕ್ಕೆ ತಿರುಪು ಹಾಕಿದ್ದಾರೆ, ಯಾರೂ ಹೊತ್ತುಕೊಂಡು ಹೋಗದ ಹಾಗೆ. ಗೋಡೆಯಲ್ಲಿ ಕೆಂಪು ಸಂಖ್ಯೆಗಳು ಬದಲಾಗುವ ಹಲಗೆ. ಎಲ್ಲರ ಕಣ್ಣೂ ಅದರ ಮೇಲೆ. ನಮ್ಮ ಕಿಟಕಿಯಲ್ಲಿ ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡ ಒಬ್ಬ ಅಧಿಕಾರಿ ಅಮ್ಮ. ದಪ್ಪ ಗಾಜು, ನಡುವೆ ಮೈಕು. ನಾನು ಬರೆದ ವಿವರಣೆಯನ್ನು ಓದಿ ಪಕ್ಕಕ್ಕಿಟ್ಟರು.

“ಫೋಟೋ ತೆಗೆದದ್ದು ನೀವೇನಾ?”

“ಹೌದು.”

“ತಿದ್ದಿದ್ದೂ ನೀವೇ.”

“ಟಚಪ್. ಎಲ್ಲರಿಗೂ ಮಾಡ್ತೀವಿ. ಕಸುಬು.”

“ಎಲ್ಲರಿಗೂ ಏನು ಮಾಡ್ತೀರಿ?”

“ಮೊಡವೆ, ಕೂದಲು, ಮುಖದ ಎಣ್ಣೆ ಹೊಳಪು...”

“ಇದು ಮೊಡವೆನಾ?”

“ಅಲ್ಲ.”

“ಏನು ಮತ್ತೆ?”

“ಕಾಗದದಲ್ಲಿ ಬರೆದಿದ್ದೀನಲ್ಲ ಮೇಡಂ.”

“ನೀವು ಬಾಯಲ್ಲಿ ಹೇಳ್ಬೇಕು. ನಾನು ಬರ್ಕೋಬೇಕು.”

ಇವಳು ನನ್ನ ಪಕ್ಕದಲ್ಲೇ ನಿಂತಿದ್ದಳು. ನನ್ನ ಕಡೆ ನೋಡಲಿಲ್ಲ, ಗಾಜನ್ನೇ ನೋಡುತ್ತಿದ್ದಳು. ನಾನು ಹೇಳಿದೆ.

“ಕೇಳಿಸ್ಲಿಲ್ಲ. ಮೈಕಿನ ಹತ್ತಿರ ಬನ್ನಿ.”

ಬಗ್ಗಿದೆ. ‘ನನ್ನ ಹೆಂಡತಿಗೆ ಮುಖದ ಮೇಲೆ ತೊನ್ನಿದೆ’ ಎಂಬ ಮಾತು ಅವರ ಭಾಷೆಯಲ್ಲಿ, ನನ್ನದೇ ದನಿಯಲ್ಲಿ, ಎಲ್ಲೋ ಮೇಲಿದ್ದ ಸ್ಪೀಕರಿನಿಂದ ಇಡೀ ಹಾಲಿಗೆ ಬಿತ್ತು. ತಿರುಗಿ ನೋಡಿದೆ. ಒಬ್ಬನೇ ಒಬ್ಬನೂ ನಮ್ಮ ಕಡೆ ನೋಡುತ್ತಿರಲಿಲ್ಲ. ಎಲ್ಲರೂ ಕೆಂಪು ಸಂಖ್ಯೆ ನೋಡುತ್ತಿದ್ದರು.

“ಅಳಿಸಿ ಅಂತ ಇವರು ಹೇಳಿದ್ರಾ?”

“ಇಲ್ಲ.”

“ನೀವು ಇವರನ್ನ ಕೇಳಿದ್ರಾ?”

“ಇಲ್ಲ.”

ಅದನ್ನೂ ಬರೆದುಕೊಂಡರು. ಕನ್ನಡಕ ಇಳಿಸಿಕೊಂಡರು.

“ನಮ್ಮ ತೊಂದರೆ ನೋಡಿ. ಪಾಸ್‌ಪೋರ್ಟಲ್ಲಿ ಒಬ್ಬರು. ಫೋಟೋದಲ್ಲಿ ಅವರೇ. ಕಿಟಕಿ ಮುಂದೆ ಬೇರೆಯವರು. ನಾಳೆ ನಮ್ಮ ವಿಮಾನ ನಿಲ್ದಾಣದಲ್ಲಿ ಯಾರನ್ನ ಒಳಗೆ ಬಿಡ್ಲಿ?”

ಚರ್ಮದ ವೈದ್ಯರ ಪತ್ರ ಬೇಕು, ತಿದ್ದದ ಹೊಸ ಫೋಟೋ ಬೇಕು. ಇನ್ನೊಂದು ತಿದ್ದಿದ ಫೋಟೋ ಬಂದರೆ ಅರ್ಜಿ ವಜಾ, ಆರು ತಿಂಗಳು ಮತ್ತೆ ಹಾಕುವ ಹಾಗಿಲ್ಲ. ಆಪರೇಷನ್ ತಾರೀಖು ತೋರಿಸಿದೆ. “ನೋಡಿದ್ದೀನಿ,” ಎಂದರು. ಮೈಕು ಆರಿತು.

ಪ್ರಾಸ ಒಂದೂ ಹೊಳೆಯುತ್ತಿಲ್ಲ. ತಲೆನೋವು.

ಮಾರ್ಚ್ 18

ಬೆಳಿಗ್ಗೆ ಚರ್ಮದ ವೈದ್ಯರ ಹತ್ತಿರ. ಹೊಸ ಚೀಟಿ ಮಾಡಿಸಬೇಕು ಎಂದುಕೊಂಡು ಹೋದರೆ, ಅಲ್ಲಿನ ನರ್ಸು ಇವಳನ್ನು ನೋಡಿ, “ಬಹಳ ದಿನ ಆಯ್ತಲ್ಲ ಬಂದು,” ಎಂದಳು. ಮೊದಲೆರಡು ವರ್ಷ ಇವಳು ಒಬ್ಬಳೇ ಬಂದು ಹೋಗುತ್ತಿದ್ದಳಂತೆ. ಮುಲಾಮು ಹಿಡಿಯಲಿಲ್ಲ, ಬಿಟ್ಟಳಂತೆ. ನನಗೆ ಇವತ್ತು ಗೊತ್ತಾಯಿತು.

ವೈದ್ಯರು ಪತ್ರ ಬರೆಯುತ್ತ ನನಗೆ ಕೇಳುವಂತೆ ಓದಿದರು. ತುಟಿಯ ಬಲ ತುದಿಯಿಂದ ಗಲ್ಲದ ತನಕ ಒಂದು. ಬಲ ಕಣ್ಣಿನ ಹೊರಗೆ ಇನ್ನೊಂದು, ಚಿಕ್ಕದು. ಅಂಟುವುದಲ್ಲ. ನೋವಿಲ್ಲ.

ಮಧ್ಯಾಹ್ನ ಸ್ಟುಡಿಯೋದಲ್ಲಿ ಫೋಟೋ. ಸ್ಟೂಲಿನ ಮೇಲೆ ಕೂರಿಸಿದೆ. ಬಲಗಡೆಯ ಲೈಟನ್ನು ಸ್ವಲ್ಪ ಹಿಂದಕ್ಕೆ ಸರಿಸಿದೆ.

“ಯಾಕೆ ಸರಿಸ್ತೀರಿ?”

“ಬೆಳಕು ಜಾಸ್ತಿ ಆಯ್ತು.”

“ಬೇರೆಯವರಿಗೆ ಎಲ್ಲಿಡ್ತೀರಿ?”

ಮೊದಲಿದ್ದ ಜಾಗಕ್ಕೇ ತಂದಿಟ್ಟೆ. ಕ್ಯಾಮೆರಾದ ಹಿಂದೆ ಹೋಗಿ ನಿಂತೆ. ಅವಳು ನೇರ ನೋಡುತ್ತಿದ್ದಳು. ಫೋಟೋಗೆ ಹಾಗೆಯೇ ನೋಡಬೇಕು, ಆದರೂ.

“ಪ್ರತಿ ಸಲಾನೂ ಅಳಿಸ್ತಿದ್ರಿ,” ಎಂದಳು. ಬಾಯಿ ಮುಚ್ಚು ಎಂದು ಈ ಸಲ ಹೇಳಲಿಲ್ಲ. “ಮೊದಲನೇ ಸಲ ಅಳಿಸಿದಾಗ ಖುಷಿಯಾಯ್ತು. ಆಮೇಲಾಮೇಲೆ, ಇವರಿಗೆ ನೋಡೋಕಾಗಲ್ವೇನೋ ಅನ್ನಿಸ್ತು. ನಿಮಗೆ ಹಾಗೇ ಸಮಾಧಾನ ಅಂದ್ರೆ ಇರ್ಲಿ ಅಂತ ಸುಮ್ನಾದೆ.”

ಬ್ಯಾಟರಿ ಮುಗಿದಿದೆ ಎಂದು ಒಳಗೆ ಹೋದೆ. ಬ್ಯಾಟರಿ ತುಂಬಿತ್ತು. ಸ್ವಲ್ಪ ಹೊತ್ತು ಬಿಟ್ಟು ಬಂದು ತೆಗೆದೆ. ಒಂದೇ ಸಲಕ್ಕೆ ಸರಿಯಾಗಿ ಬಂತು.

“ನಿಂಗೆ ಬೇಜಾರಾಗುತ್ತೆ ಅಂತ ಅಳಿಸ್ತಿದ್ದೆ,” ಎಂದೆ, ಪ್ರಿಂಟರಿನ ಕಡೆ ತಿರುಗಿಕೊಂಡು.

“ಕೇಳಬಹುದಿತ್ತು.”

“ನೀನೂ ಹೇಳಬಹುದಿತ್ತು.”

“ಹೂಂ,” ಎಂದಳು. “ಬೇಗ ಕತ್ತರಿಸಿ, ನನಗೆ ಶಿಫ್ಟಿಗೆ ಹೊತ್ತಾಯ್ತು.”

ಹಾಳೆಯಲ್ಲಿ ಮಿಕ್ಕ ಫೋಟೋಗಳನ್ನು ಬಿಸಾಡುವುದೇಕೆ ಎಂದು ಒಂದನ್ನು ಪರ್ಸಿಗೆ ಹಾಕಿಕೊಂಡೆ. ಹಳೆಯದೊಂದು ಅಲ್ಲಿತ್ತು, ಎರಡಕ್ಕೆ ಜಾಗ ಸಾಲದು, ಅದನ್ನು ತೆಗೆದೆ.

ಮಾರ್ಚ್ 19

ಕೊಟ್ಟು ಬಂದೆವು. ಪಾಸ್‌ಪೋರ್ಟೂ ಅವರ ಹತ್ತಿರವೇ. ಫೋಟೋ ನೋಡಿದರು, ಮುಖ ನೋಡಿದರು, ಏನೂ ಹೇಳಲಿಲ್ಲ. ತಿಳಿಸುತ್ತೇವೆ ಎಂದರು.

ಮಾರ್ಚ್ 21

ಸುದ್ದಿ ಇಲ್ಲ.

ಮಾರ್ಚ್ 22

ಸುದ್ದಿ ಇಲ್ಲ. ದೊಡ್ಡಕ್ಕನ ದನಿ ಈಗ ಉಪ್ಪು ಕಾಗದ ಉಜ್ಜಿದ ಹಾಗೆ ಕೇಳುತ್ತದೆ. ಮಾತು ಮಾತ್ರ ಕಡಿಮೆಯಾಗಿಲ್ಲ. “ನಿಮ್ಮ ರಾಯಭಾರಿಗೆ ನಾನೇ ಫೋನ್ ಮಾಡ್ಲಾ? ನಾಲ್ಕು ಮಾತಲ್ಲಿ ವೀಸಾ ಕೊಡ್ತಾನೆ, ಐದನೇದಕ್ಕೆ ರಾಜೀನಾಮೆ ಕೊಡ್ತಾನೆ,” ಎಂದರು.

ಅಂಗಡಿಗೆ ಒಬ್ಬ ಮುದುಕರು ಬಂದಿದ್ದರು, ಮೂಗಿನ ಪಕ್ಕ ಕಡಲೆಯಷ್ಟು ನರುಲಿ. ಟಚಪ್ ಮಾಡುವಾಗ, “ಇದು ಇರ್ಲಾ, ತೆಗೀಲಾ?” ಎಂದು ಕೇಳಿದೆ. “ಯಾವುದು?” ಎಂದರು. ತೋರಿಸಿದೆ. “ಅದು ನಂದೇ,” ಎಂದರು, ಬಹಳ ಆಶ್ಚರ್ಯದಿಂದ. ಬಿಟ್ಟೆ.

ಮಾಲೀಕ, “ಈ ವಾರ ಒಂದೊಂದು ಫೋಟೋಗೂ ಗಿರಾಕಿಗಳನ್ನ ಏನೇನೋ ಕೇಳ್ತಾ ಕೂರ್ತೀಯ, ಇದೇನು ಸ್ಟುಡಿಯೋನೋ ನ್ಯಾಯಾಲಯಾನೋ,” ಎಂದ. ನಿದ್ದೆ ಸರಿಯಿಲ್ಲ, ಅದಕ್ಕೆ ಕೆಲಸ ನಿಧಾನವಾಗುತ್ತಿದೆ.

ಮಾರ್ಚ್ 24

ಆಪರೇಷನ್ ತಾರೀಖು ಇನ್ನೂ ಹತ್ತಿರ ಬಂದಿದೆ. ಗಂಟು ಬೆಳೆಯುತ್ತಿದೆಯಂತೆ, ಏಪ್ರಿಲ್ ತನಕ ಕಾಯುವುದು ಬೇಡ, 29ಕ್ಕೇ ಮಾಡುತ್ತಾರಂತೆ.

ಇವಳು ಇಸ್ತ್ರಿ ಮಾಡುವಾಗ ಮುಂಗೈ ಸುಟ್ಟುಕೊಂಡು ಬಂದಿದ್ದಾಳೆ. ಎಷ್ಟೋ ವರ್ಷದ ಕೆಲಸ, ಎಂದೂ ಸುಟ್ಟುಕೊಂಡವಳಲ್ಲ.

ಮಾರ್ಚ್ 26

ರಾಯಭಾರ ಕಚೇರಿಗೆ ಫೋನು ಮಾಡಿದರೆ ಸಂಗೀತ ಹಾಕುತ್ತಾರೆ. ಅದೇ ಸಂಗೀತ, ಮತ್ತೆ ಅದೇ. ಗೇಟಿಗೆ ಹೋದೆ. ಕಾವಲುಗಾರ ನನ್ನ ಗುರುತು ಹಿಡಿದ. “ಇವತ್ತು ಗೋಡೆಗೆ ಒರಗ್ಬೇಡಿ,” ಎಂದ. ನಾನು ಅವತ್ತೂ ಒರಗಿರಲಿಲ್ಲ. ವಾದ ಮಾಡುವ ಶಕ್ತಿಯಿಲ್ಲ, ಆಗಲಿ ಎಂದೆ. ಆಪರೇಷನ್ ತಾರೀಖು ಬದಲಾದ ಪತ್ರವನ್ನು ಒಳಗೆ ಕಳಿಸಿ ಎಂದು ಬೇಡಿಕೊಂಡೆ. ತೆಗೆದುಕೊಂಡ. ಕಳಿಸಿದನೋ, ಕಿಸೆಯಲ್ಲಿಟ್ಟನೋ.

ಮಾರ್ಚ್ 27

ಮಧ್ಯಾಹ್ನ ಮೂರಕ್ಕೆ ಫೋನು. ಪಾಸ್‌ಪೋರ್ಟು ತೆಗೆದುಕೊಂಡು ಹೋಗಿ ಎಂದರು. ವೀಸಾ ಕೊಟ್ಟಿದ್ದಾರೋ ಇಲ್ಲವೋ ಹೇಳಲಿಲ್ಲ. ಕೇಳಿದರೆ “ಬಂದು ನೋಡಿ” ಅಂದರು. ಅಂಗಡಿಯನ್ನು ಮಾಲೀಕನ ಕೈಗೆ ಬಿಟ್ಟು ಓಡಿದೆ. ಇವಳು ಲಾಂಡ್ರಿಯಿಂದ ಏಪ್ರನ್ನಿನಲ್ಲೇ ಬಂದಿದ್ದಳು.

ಗೇಟಿನ ಹೊರಗೆ ಬಂದು ಪಾಸ್‌ಪೋರ್ಟನ್ನು ನನ್ನ ಕೈಗೆ ಕೊಟ್ಟಳು. “ನೀವೇ ತೆಗೀರಿ.”

ಪುಟ ತಿರುಗಿಸಿದೆ. ಹಸಿರು ಕಾಗದ, ಮೇಲೆ ಅವರ ಮುದ್ರೆ, ಎಡಗಡೆ ಇವಳ ಮುಖ. ತುಟಿಯಿಂದ ಗಲ್ಲದ ತನಕ ಬೆಳ್ಳಗೆ, ಕಣ್ಣಿನ ಪಕ್ಕ ಬೆಳ್ಳಗೆ, ಪ್ರಿಂಟು ಬಹಳ ಸ್ಪಷ್ಟ. ಯಾವ ಮಿಷನ್ನೋ, ಒಳ್ಳೆಯ ಮಿಷನ್ನು.

ಮಾರ್ಚ್ 28

ಬೆಳಗಿನ ವಿಮಾನಕ್ಕೆ ಕಳಿಸಿ ಬಂದೆ. ಹೊರಡುವ ಮುಂಚೆ ಕನ್ನಡಿಯ ಎದುರು ನಿಂತು ಡಬ್ಬಿ ತೆರೆದಿದ್ದಳು, ಪೌಡರಿನ ತರಹ ಎಂಥದೋ ಬಣ್ಣ. ಹಚ್ಚಿಕೊಂಡರೆ ಅಷ್ಟಾಗಿ ಕಾಣುವುದಿಲ್ಲವಂತೆ. ಲಾಂಡ್ರಿಯ ಹುಡುಗಿ ಯಾರೋ ಕೊಟ್ಟಿದ್ದು.

“ಹಚ್ಕೊಂಡು ಹೋಗ್ಲಾ? ದೊಡ್ಡಕ್ಕನ್ನ ನೋಡಿದ ಕೂಡ್ಲೇ ಯಾಕೆ ಗಾಬರಿ ಮಾಡೋದು.”

“ಹಚ್ಕೊಂಡ್ರೆ ಅಲ್ಲಿ ಒಳಗೆ ಬಿಡಲ್ಲ. ವೀಸಾದಲ್ಲಿ ಇರೋ ಮುಖ ಬೇರೆ, ಬಂದಿರೋ ಮುಖ ಬೇರೆ ಅಂತಾರೆ.”

ನಕ್ಕಳು. ಬಹಳ ದಿನವಾಗಿತ್ತು. ಡಬ್ಬಿ ಮುಚ್ಚಿದಳು.

ಒಬ್ಬನೇ ಊಟ ಮಾಡಿದೆ. ಸಂಜೆ ಮೆಸೇಜು: ‘ತಲುಪಿದೆ. ಆಸ್ಪತ್ರೆ ದೂರ ಇದೆ. ನಾಳೆ ಬೆಳಿಗ್ಗೆ ಏಳಕ್ಕೆ ಬಿಡ್ತಾರಂತೆ.’ ಆಪರೇಷನ್ ಒಂಬತ್ತಕ್ಕೆ.

ಮಾರ್ಚ್ 29

ಎಂಟು ಗಂಟೆಗೆ ಅಂಗಡಿಯ ಬಾಗಿಲು ಎತ್ತುತ್ತಿದ್ದೆ, ಫೋನು ಬಂತು. ಇವಳದು.

“ಏನಂದ್ರು?” ಎಂದೆ, ಹಲೋ ಕೂಡ ಹೇಳದೆ.

“ಏನೂ ಅನ್ಲಿಲ್ಲ ಮೊದ್ಲು. ಹತ್ರ ಕರೆದು ಎರಡೂ ಕೈಯಲ್ಲಿ ಮುಖ ಹಿಡ್ಕೊಂಡು ನೋಡಿದ್ಲು. ಕಿಟಕಿ ಹತ್ರ ಕರ್ಕೊಂಡ್ ಹೋಗಿ ಇನ್ನೊಂದ್ಸಲ ನೋಡಿದ್ಲು. ಆಮೇಲೆ, ಆ ಹೆಣ್ಣು ನೋಡೋಕ್ ಹೋಗಿದ್ವಲ್ಲ, ಆ ಹುಡುಗಿ ಈಗೆಲ್ಲಿದ್ದಾಳೆ ಗೊತ್ತಾ ಅಂತ ಕೇಳಿದ್ಲು. ನಂಗೊತ್ತಿಲ್ಲ ಅಂದೆ. ಅತ್ಲು. ಈಗ ನಿಮ್ಮ ಹತ್ರ ಮಾತಾಡ್ಬೇಕಂತೆ. ಕೋಪ ಬಂದಿದೆ.”

ಫೋನು ಕೈ ಬದಲಾಯಿತು. ಉಸಿರು ಕೇಳಿತು, ಆಮೇಲೆ ದನಿ. ತೂತು ಬಿದ್ದ ಕೊಳವೆಯಲ್ಲಿ ಬಂದ ಹಾಗಿತ್ತು, ಆದರೆ ಅವರದೇ.

“ಏನಪ್ಪಾ ಫೋಟೋದವನೇ.”

“ಹೇಳಿ ದೊಡ್ಡಕ್ಕ.”

“ನೀನು ಕಳಿಸಿದ್ದನ್ನೆಲ್ಲ ಫ್ರೇಮ್ ಹಾಕಿಸಿ ಗೋಡೆಗೆ ಹಾಕಿದೀನಿ. ದಿನಾ ಅದರ ಹತ್ರ ಮಾತಾಡ್ತೀನಿ. ಇಷ್ಟು ವರ್ಷ ನಾನು ಯಾರ ಹತ್ರ ಮಾತಾಡ್ತಿದ್ದೆನಯ್ಯಾ?”

“ತಪ್ಪಾಯ್ತು.”

“ತಪ್ಪಾಯ್ತು ಅನ್ಬೇಡ. ತಪ್ಪಾಯ್ತು ಅಂದ್ರೆ ನಾನು ಬೈಯೋದನ್ನ ನಿಲ್ಲಿಸ್ಬೇಕಾಗುತ್ತೆ. ಬರೀ ಹೂಂ ಅನ್ನು.”

“ಹೂಂ.”

ಬೈದರು. ಫೋಟೋಗೆ ಬೈದರು, ಇವಳೊಬ್ಬಳನ್ನೇ ಡಾಕ್ಟರ ಹತ್ತಿರ ಹೋಗಲು ಬಿಟ್ಟದ್ದಕ್ಕೆ ಬೈದರು. ತಾವೂ ಅಂಥ ಬಾಯಿಯವರಾಗಿದ್ದಕ್ಕೆ ತಮಗೇ ಬೈದುಕೊಂಡರು, ನಡುವೆ ಕೆಮ್ಮಿದರು. ಮತ್ತೆ ನನ್ನ ಕಡೆ ಬಂದರು. ಮದುವೆಯ ದಿನ ನಾನು ತಡವಾಗಿ ಬಂದದ್ದು. ಅವರಿಗೆ ಬರೆದು ಕಳಿಸಿದ ಒಂದು ಶುಭಾಶಯ ಪದ್ಯ, ಅದರಲ್ಲಿ ಎಳೆದು ತಂದು ಕೂರಿಸಿದ ಪ್ರಾಸ. ನನ್ನ ಮೀಸೆ. ನಾನು ಬಾಗಿಲು ಅರ್ಧ ಎತ್ತಿದ್ದು ಹಾಗೇ ಬಿಟ್ಟು ಮೆಟ್ಟಿಲ ಮೇಲೆ ಕೂತು ಹೂಂ ಹೂಂ ಎಂದೆ. ಬೀಗದವನು ಚಹಾ ಬೇಕಾ ಎಂದು ಸನ್ನೆ ಮಾಡಿದ, ಬೇಡವೆಂದೆ. ಯಾರೂ ಬರಬಾರದು, ಏನೂ ತರಬಾರದು, ಅವರು ಸುಸ್ತಾಗಬಾರದು ಎಂದಷ್ಟೇ ಮನಸ್ಸಿನಲ್ಲಿತ್ತು.

ಆಚೆ ಯಾರೋ ಬಂದದ್ದು ಕೇಳಿತು. ಗಾಡಿಯ ಚಕ್ರದ ಸದ್ದು, ಒಂದು ಹೆಣ್ಣು ದನಿ, ಮೆದುವಾಗಿ ಏನೋ ಹೇಳಿತು.

“ತಡಿಯಮ್ಮಾ,” ಎಂದರು ದೊಡ್ಡಕ್ಕ, ಆ ನರ್ಸಿಗೆ ಒಂದಕ್ಷರ ತಿಳಿಯದ ಕನ್ನಡದಲ್ಲಿ, “ನಂದಿನ್ನೂ ಮುಗಿದಿಲ್ಲ.”